ಕೀಲಿನ ಪ್ರೋಟೀನ್ ಬದಲಾದಾಗ: ಸಂಧಿವಾತ ನೋವಿಗಿಂತ ಮೊದಲೇ ಶುರುವಾಗುವುದು ಹೇಗೆ?

ಬೆರಳಿನ ಗೆಣ್ಣುಗಳು ಊದಿವೆ, ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿಲ್ಲ ಎಂದು ಹೇಳಿ ನೋಡಿ. "ವಯಸ್ಸಾಯ್ತಲ್ಲ", "ತಣ್ಣೀರಲ್ಲಿ ಪಾತ್ರೆ ತೊಳೀಬೇಡ", "ಹುಳಿ, ಆಲೂಗಡ್ಡೆ ಬಿಡು, ಅದು ವಾತ" ಎಂಬ ಉತ್ತರಗಳು ಸಾಲಾಗಿ ಬರುತ್ತವೆ. ಈ ಮಾತುಗಳಲ್ಲಿ ಹತ್ತಾರು ಬೇರೆ ಬೇರೆ ಕಾಯಿಲೆಗಳು ಒಂದೇ ಚೀಲಕ್ಕೆ ಬೀಳುತ್ತವೆ. ವಯಸ್ಸಾದಂತೆ ಮೃದ್ವಸ್ಥಿ ಸವೆದು ಬರುವ ಮಂಡಿನೋವು ಒಂದು ಬಗೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತ ಬೇರೆಯೇ. ಇದರಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ದಾಳಿ ಮಾಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು, ಮೂವತ್ತರ ವಯಸ್ಸಿನಲ್ಲೂ ಬರಬಹುದು.

ದೇಹ ತನ್ನದೇ ಅಂಗದ ಮೇಲೆ ಏಕೆ ತಿರುಗಿ ಬೀಳುತ್ತದೆ? ಉತ್ತರದ ಒಂದು ದೊಡ್ಡ ಭಾಗ ಪ್ರೋಟೀನ್‌ನಲ್ಲಿ ಆಗುವ ತೀರಾ ಸಣ್ಣ ಬದಲಾವಣೆಯೊಂದರಲ್ಲಿದೆ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಅದರಲ್ಲಿ ಅರ್ಜಿನೈನ್ ಎಂಬ ಮಣಿಗೆ ಧನ ವಿದ್ಯುದಂಶ ಇರುತ್ತದೆ. 'ಪ್ಯಾಡ್' ಎಂಬ ಗುಂಪಿನ ಕಿಣ್ವಗಳು ಕ್ಯಾಲ್ಸಿಯಂ ಸಿಕ್ಕಾಗ ಚುರುಕಾಗಿ ಈ ಅರ್ಜಿನೈನನ್ನು ಸಿಟ್ರುಲಿನ್ ಆಗಿ ಮಾರ್ಪಡಿಸುತ್ತವೆ. ತೂಕದಲ್ಲಿ ಆಗುವ ವ್ಯತ್ಯಾಸ ಹೆಚ್ಚುಕಮ್ಮಿ ಒಂದು ಹೈಡ್ರೋಜನ್ ಪರಮಾಣುವಿನಷ್ಟು. ಆದರೆ ವಿದ್ಯುದಂಶ ಹೊರಟುಹೋಗುತ್ತದೆ. ಪ್ರೋಟೀನ್ ಒಂದು ಆಕಾರದಲ್ಲಿ ಮಡಚಿಕೊಂಡು ನಿಲ್ಲುವುದರಲ್ಲಿ ಇಂಥ ವಿದ್ಯುದಂಶಗಳ ಸೆಳೆತಕ್ಕೂ ಪಾಲಿದೆ. ಅದು ಸಡಿಲವಾದರೆ ಒಳಗೆ ಅಡಗಿದ್ದ ಭಾಗಗಳು ಹೊರಗೆ ಕಾಣಿಸಿಕೊಳ್ಳಬಹುದು. ಪಕ್ಕದ ಮನೆಯವರು ಮೀಸೆ ಬೋಳಿಸಿಕೊಂಡು ಬಂದಾಗ ನಾಯಿ ಬೊಗಳಿದ ಹಾಗೆ, ಕಾವಲಿನ ಜೀವಕೋಶಗಳಿಗೆ ಅದು ಹೊಸ ಮುಖ.

ಸಿಟ್ರುಲಿನ್ ಎಂಬ ಹೆಸರು ಬಂದದ್ದು ಕಲ್ಲಂಗಡಿಯಿಂದ. ಅದರ ವೈಜ್ಞಾನಿಕ ಹೆಸರು ಸಿಟ್ರುಲಸ್. 1914ರಲ್ಲಿ ಜಪಾನಿನ ವಿಜ್ಞಾನಿಗಳು ಈ ವಸ್ತುವನ್ನು ಬೇರ್ಪಡಿಸಿದ್ದು ಕಲ್ಲಂಗಡಿ ರಸದಿಂದ. ಕಲ್ಲಂಗಡಿ ತಿಂದರೆ ಸಂಧಿವಾತ ಬರುತ್ತದೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಹರಿಯಬಿಡುವ ಮೊದಲೇ ಹೇಳಿಬಿಡುತ್ತೇನೆ: ಹಣ್ಣಿನಲ್ಲಿರುವುದು ಬಿಡಿ ಸಿಟ್ರುಲಿನ್. ದೇಹ ಪ್ರೋಟೀನ್ ಕಟ್ಟುವಾಗ ಅದನ್ನು ಬಳಸುವುದೇ ಇಲ್ಲ. ಪ್ರೋಟೀನ್ ಸರದಲ್ಲಿ ಅದು ಕಂಡರೆ, ಅಲ್ಲೇ ಇದ್ದ ಅರ್ಜಿನೈನ್ ಬದಲಾಗಿದೆ ಎಂದೇ ಅರ್ಥ.

ಈ ಬದಲಾವಣೆಯೂ ತಾನಾಗಿ ಕಾಯಿಲೆಯಲ್ಲ. ಚರ್ಮದ ಹೊರಪದರ ಗಟ್ಟಿಯಾಗಲು, ಕೂದಲು ರೂಪುಗೊಳ್ಳಲು ಅದು ಬೇಕು. ಬೇರೆ ಕಾರಣದಿಂದ ಊದಿದ ಕೀಲಿನಲ್ಲೂ ಸಿಟ್ರುಲಿನ್ ಇರುವ ಪ್ರೋಟೀನ್‌ಗಳು ಸಿಗುತ್ತವೆ. ಸಂಧಿವಾತದವರಲ್ಲಿ ವಿಶೇಷವೇನೆಂದರೆ, ಅವುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್, ಜೀವಕೋಶದ ಹಂದರವಾದ ವೈಮೆಂಟಿನ್, ಮೃದ್ವಸ್ಥಿಯ ಕೊಲಾಜೆನ್ ಇವೆಲ್ಲ ಗುರಿಯಾಗುತ್ತವೆ. ಕೀಲಿನ ಒಳಗಿನ ಸೈನೋವಿಯಂ ಪೊರೆಯ ಒಳಪದರ ಆರೋಗ್ಯವಂತರಲ್ಲಿ ಒಂದೆರಡು ಜೀವಕೋಶದಷ್ಟೇ ದಪ್ಪ. ಉರಿಯೂತದ ಸಂದೇಶ ಹೊತ್ತ ಟಿಎನ್‌ಎಫ್, ಐಎಲ್-6 ಎಂಬ ಪ್ರೋಟೀನ್‌ಗಳು ಹೆಚ್ಚಾದಾಗ ಅದು ದಪ್ಪವಾಗಿ ಬೆಳೆದು, ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಸುರಿಸುತ್ತ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಪಕ್ಕದ ಮೂಳೆಯೂ ಕರಗತೊಡಗುತ್ತದೆ. ಹೀಗೆ ಹಾಳಾದ ಕೀಲು ಮೊದಲಿನಂತಾಗುವುದಿಲ್ಲ.

ಇದೆಲ್ಲ ಕೀಲಿನಲ್ಲೇ ಶುರುವಾಗಬೇಕೆಂದೂ ಇಲ್ಲ. ಹೊಗೆ ಸೇದುವವರ ಶ್ವಾಸಕೋಶದಲ್ಲಿ ಇದೇ ಬದಲಾವಣೆ ಹೆಚ್ಚು. ಎಚ್‌ಎಲ್‌ಎ ಎಂಬ ಜೀನ್‌ಗಳ ಕೆಲವು ರೂಪಗಳು ತಂದೆ, ತಾಯಿ ಇಬ್ಬರಿಂದಲೂ ಬಂದಿದ್ದು, ಜೊತೆಗೆ ಸಿಗರೇಟೂ ಸೇದುವವರಿಗೆ ಈ ಪ್ರತಿಕಾಯಗಳಿರುವ ಸಂಧಿವಾತದ ಅಪಾಯ, ಅವೆರಡೂ ಇಲ್ಲದವರಿಗಿಂತ ಸುಮಾರು 20 ಪಟ್ಟು ಹೆಚ್ಚು ಎಂದು 2006ರ ಸ್ವೀಡನ್ನಿನ ಅಧ್ಯಯನ ತೋರಿಸಿತು. ವಸಡಿನ ರೋಗ ತರುವ ಪಾರ್ಫೈರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಬಳಿ ತನ್ನದೇ ಪ್ಯಾಡ್ ಕಿಣ್ವವಿದೆ. ಹಾಗಾಗಿ ಬಾಯಿಯ ಮೇಲೂ ಸಂಶಯವಿದೆ, ಅದಿನ್ನೂ ಸಾಬೀತಾಗಿಲ್ಲ. ತಣ್ಣೀರು, ಹುಳಿ, ಆಲೂಗಡ್ಡೆ ಮಾತ್ರ ಈ ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಮುಂದೆ ಸಂಧಿವಾತ ಬಂದ 79 ರಕ್ತದಾನಿಗಳು ಹಿಂದೆ ಕೊಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಈ ಪ್ರತಿಕಾಯವೋ ರುಮಟಾಯ್ಡ್ ಫ್ಯಾಕ್ಟರೋ ನೋವಿಗೆ ಮುಂಚೆಯೇ ಇತ್ತು. ಕೆಲವರಲ್ಲಿ ಹತ್ತು ವರ್ಷಕ್ಕೂ ಹಿಂದೆ!

ಈ ಪ್ರತಿಕಾಯವನ್ನು ಹುಡುಕುವುದೇ 'ಆಂಟಿ-ಸಿಸಿಪಿ' ರಕ್ತಪರೀಕ್ಷೆ. ನಮ್ಮಲ್ಲಿ ಹೆಚ್ಚು ಪರಿಚಿತವಾದ 'ಆರ್‌ಎ ಫ್ಯಾಕ್ಟರ್' ಬೇರೆ. ಅದು ಹೆಪಟೈಟಿಸ್ ಸಿ ಇರುವವರಲ್ಲೂ, ಆರೋಗ್ಯವಾಗಿರುವ ಕೆಲವು ಹಿರಿಯರಲ್ಲೂ ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಅಷ್ಟು ಸುಲಭವಾಗಿ ತಪ್ಪು ಹೇಳದು. ಆದರೂ ಸಂಧಿವಾತ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ನೆಗೆಟಿವ್ ಬರಬಹುದು. ರಿಪೋರ್ಟ್ ನೋಡಿ "ಏನೂ ಇಲ್ಲ" ಎಂದು ಸುಮ್ಮನಾಗುವುದು ಅಪಾಯ. ಕೈ-ಕಾಲಿನ ಸಣ್ಣ ಕೀಲುಗಳು ಊದಿ, ಬೆಳಗಿನ ಬಿಗಿತ ಅರ್ಧ-ಮುಕ್ಕಾಲು ಗಂಟೆಗೂ ಹೆಚ್ಚು ಉಳಿದು, ಇದು ಕೆಲವು ವಾರ ಮುಂದುವರಿದರೆ ರುಮಟಾಲಜಿಸ್ಟ್ ಹತ್ತಿರ ಹೋಗಬೇಕು. ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳು ಮೊದಲ ತಿಂಗಳುಗಳಲ್ಲೇ ಶುರುವಾದರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು. (ಸಂಧಿವಾತಕ್ಕೆ ಆ ಮಾತ್ರೆಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ದಿನಾ ನುಂಗಿ ಪ್ರಾಣಕ್ಕೇ ಕುತ್ತಾದ ಪ್ರಕರಣಗಳಿವೆ.)

ಇನ್ನು, ಪ್ರತಿಕಾಯ ಇದೆ, ಕೀಲು ಊದಿಲ್ಲ ಎನ್ನುವವರು? ಅವರಲ್ಲಿ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಧೂಮಪಾನ ಬಿಡುವುದು ಅವರು ಇವತ್ತೇ ಮಾಡಬಹುದಾದ ಕೆಲಸ. ಔಷಧಿಯಿಂದ ತಡೆಯಬಹುದೇ ಎಂದು ಯುರೋಪಿನಲ್ಲಿ ಇಂಥ ಜನರಿಗೆ ಅಬಟಾಸೆಪ್ಟ್ ಎಂಬ ಚುಚ್ಚುಮದ್ದು ಕೊಟ್ಟು ನೋಡಿದ ಎರಡು ಪ್ರಯೋಗಗಳ ಫಲಿತಾಂಶ 2024ರಲ್ಲಿ ಬಂತು. ಔಷಧಿ ನಡೆಯುತ್ತಿರುವಷ್ಟು ಕಾಲ ಕಾಯಿಲೆಗೆ ತಿರುಗಿದವರ ಸಂಖ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು. ನಿಲ್ಲಿಸಿದ ಮೇಲೆ ಆ ಅಂತರ ನಿಧಾನವಾಗಿ ಕಿರಿದಾಯಿತು.