ಕುಶ ಕೀಳಬಲ್ಲವನೇ ಕುಶಲ

ಗೋವೆಯ ಕೊರ್ತಾಲಿಮ್‌ನಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಮಳೆ ಹಿಡಿದಿತ್ತು. ಲಾರಿಯೊಂದು ಎರಚಿದ ಕೆಸರಿನಿಂದ ಪಾರಾಗಲು ಮುರಕಲ್ಲಿನ ಗೋಡೆಗೆ ಒತ್ತಿ ನಿಂತೆ. ಮರುಕ್ಷಣವೇ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಡ ಎಳೆದಂತಾಯಿತು. ಗೋಡೆಯ ಸಂದಿಯಲ್ಲಿ ಗೇಣೆತ್ತರದ ಹಸಿರು ಗಿಡವೊಂದು ಏನೂ ಅರಿಯದಂತೆ ತೊಟ್ಟಿಕ್ಕುತ್ತ ನಿಂತಿತ್ತು. ನಾನು ಕೆರೆದುಕೊಳ್ಳುವುದನ್ನು ಕಂಡ ಸೊಪ್ಪು ಮಾರುವ ಹೆಂಗಸು ಅಚ್ಚ ಗದಗಿನ ಕನ್ನಡದಲ್ಲಿ ಗದರಿದಳು: “ತುರಚಿ ತಾಗೇತ್ರಿ. ಕೆರಕೋಬ್ಯಾಡ್ರಿ, ನೀರು ಹಾಕ್ರಿ. ಕೆರದಷ್ಟೂ ಒಳಗ ಹೋಗತೈತಿ.” ತನ್ನ ಸೊಪ್ಪಿಗೆ ಚಿಮುಕಿಸುವ ಚೊಂಬಿನ ನೀರನ್ನೇ ನನ್ನ ಕೈಮೇಲೆ ಸುರಿದಳು.

ಅದೇ ರಾತ್ರಿ ಬಂಧುವೊಬ್ಬರು ಫೋನಿಗೆ ಒಂದು ಸಂದೇಶ ದಾಟಿಸಿದರು. ತುರಿಕೆ ಸೊಪ್ಪಿನ ಚಹಾ ಕುಡಿದರೆ ಸಂಧಿವಾತ, ಸಕ್ಕರೆ ಕಾಯಿಲೆ, ರಕ್ತಹೀನತೆ, ಕೂದಲುದುರುವಿಕೆ ಎಲ್ಲವೂ ಮಾಯ ಎಂದಿತ್ತು ಅದು. ಬೆಳಿಗ್ಗೆ ನನ್ನನ್ನು ಕುಣಿಸಿದ್ದು ರಾತ್ರಿಗೆ ಸಂಜೀವಿನಿಯಾಗಿತ್ತು! ಎರಡೂ ಒಂದೇ ಗಿಡವೇ ಎಂಬ ಪ್ರಶ್ನೆ ಮಾತ್ರ ಕೈಯ ಉರಿ ಆರಿದ ಮೇಲೂ ಆರಲಿಲ್ಲ.

ಒಂದೇ ಅಲ್ಲ. ‘ತುರಚಿ’ ನಮ್ಮಲ್ಲಿ ಒಂದು ಗಿಡಕ್ಕಿಂತ ಹೆಚ್ಚಾಗಿ ಒಂದು ಅನುಭವದ ಹೆಸರು. ಮುಟ್ಟಿದರೆ ಉರಿಯುವುದೆಲ್ಲ ತುರಚಿಯೇ. ಸಂದೇಶದಲ್ಲಿ ಹೊಗಳಿಸಿಕೊಂಡದ್ದು ಉರ್ಟಿಕಾ ಡಯೋಯಿಕಾ. ಯುರೋಪು ಮತ್ತು ಹಿಮಾಲಯದ ತಂಪು ಸೀಮೆಗೆ ಸೇರಿದ ಅದು ಕೊಂಕಣದ ಕರಾವಳಿಯಲ್ಲಿ ಬೆಳೆಯುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಗೋಡೆಬದಿಗೆ ಏಳುವುದು ಅದರ ದಾಯಾದಿ ಲ್ಯಾಪೋರ್ಟಿಯಾ ಇಂಟರಪ್ಟಾ. ಬೇಲಿಗೆ ಹಬ್ಬುವ ತುರಚಿ ಬಳ್ಳಿ ಟ್ರಾಜಿಯಾ, ಅದು ಔಡಲದ ಕುಟುಂಬದ್ದು. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಮರದಂತೆ ಬೆಳೆಯುವ ಡೆಂಡ್ರೊಕ್ನೈಡ್ ಇದೆ. ಅದರ ಉರಿ ದಿನಗಟ್ಟಲೆ ಬಿಡದು. ಇನ್ನು ನಸುಗುನ್ನಿಯೋ ಅವರೆಯ ಬಳಗದ್ದು. ಇಷ್ಟು ಬೇರೆ ಬೇರೆ ಮನೆತನದವರನ್ನು ಒಂದೇ ಹೆಸರಿನಿಂದ ಕೂಗಿದರೆ ಓಗೊಡುವವರು ಯಾರು?

ಈ ಯೋಚನೆಗೆ ಕೊರ್ತಾಲಿಮ್‌ಗಿಂತ ಒಳ್ಳೆಯ ಊರು ಸಿಗಲಾರದು. ಕೊಂಕಣಿಯಲ್ಲಿ ಇದು ಕುಠ್ಠಾಳಿ, ಹಳೆಯ ಹೆಸರು ಕುಶಸ್ಥಳಿ. ಕುಶ ಎಂದರೆ ದರ್ಭೆ. ಊರಿಗೆ ಹುಲ್ಲಿನ ಹೆಸರು. ಇಂದು ಪ್ರಿಯೋಳದಲ್ಲಿರುವ ಮಂಗೇಶ ದೇವರ ಮೂಲಸ್ಥಾನ ಇದೇ. 1560ರಲ್ಲಿ ಪೋರ್ಚುಗೀಸರ ಮತಾಂತರದ ಬಿಸಿ ತಟ್ಟಿದಾಗ ಭಕ್ತರು ಲಿಂಗವನ್ನು ಹೊತ್ತು ಜುವಾರಿ ನದಿಯ ಆಚೆ ದಾಟಿಸಿದರು. ಆ ಕಾಲದಲ್ಲಿ ಗೋವೆ ಬಿಟ್ಟ ಕೊಂಕಣಿ ಕುಟುಂಬಗಳು ಅಂಕೋಲಾ, ಕುಮಟಾ, ಮಂಗಳೂರು, ಕೊಚ್ಚಿಯವರೆಗೂ ಹರಡಿಕೊಂಡವು. ಈಗ ಪ್ರವಾಹ ತಿರುಗಿದೆ. ಉತ್ತರ ಕರ್ನಾಟಕದವರು ದುಡಿಮೆ ಹುಡುಕಿ ಇತ್ತ ಬರುತ್ತಾರೆ. ನನಗೆ ನೀರು ಸುರಿದವಳೂ ಹಾಗೆ ಬಂದವಳೇ.

ಕುಶದಿಂದ ಹುಟ್ಟಿತೆನ್ನುವ ಇನ್ನೊಂದು ಪದ ನಮ್ಮ ನಾಲಿಗೆಯ ಮೇಲೆ ದಿನವೂ ಇದೆ: ಕುಶಲ. ದರ್ಭೆಯ ಅಂಚು ಗರಗಸದಂತಿರುತ್ತದೆ. ಬೆರಳು ಕೊಯ್ದುಕೊಳ್ಳದೆ ಅದನ್ನು ಕಿತ್ತು ತರಬಲ್ಲವನು ಕುಶಲ. ಅಲ್ಲಿಂದ ಯಾವುದೇ ಕೆಲಸದಲ್ಲಿ ನಿಪುಣನಾದವನಿಗೂ ಆ ಮಾತು ಸಂದಿತು ಎನ್ನುತ್ತಾರೆ. ಆಲಂಕಾರಿಕ ಮಮ್ಮಟ ಲಕ್ಷಣಾವೃತ್ತಿಗೆ, ಅಂದರೆ ಪದ ತನ್ನ ನೇರ ಅರ್ಥ ಬಿಟ್ಟು ಬೇರೊಂದನ್ನು ಸೂಚಿಸುವುದಕ್ಕೆ, ಇದನ್ನೇ ಉದಾಹರಣೆಯಾಗಿ ಕೊಟ್ಟ. ಮುಂದೆ ಸಾಹಿತ್ಯದರ್ಪಣದ ವಿಶ್ವನಾಥ ಒಪ್ಪಲಿಲ್ಲ. ಪದ ಹುಟ್ಟಿದ ಕಾರಣ ಒಂದು, ಅದು ಬಳಕೆಯಾಗುವ ಕಾರಣ ಮತ್ತೊಂದು. ನಿಪುಣ ಎಂಬುದೇ ಅದರ ನೇರ ಅರ್ಥ ಎಂದು ವಾದಿಸಿದ. ಆಲಂಕಾರಿಕರ ಜಗಳ ಅವರಿಗಿರಲಿ. ಕುಶ ಕೀಳುವವನಿಗೆ ಎರಡು ವಿದ್ಯೆ ಬೇಕು ಎಂಬುದಷ್ಟೇ ನನಗೆ ಮುಖ್ಯ: ನೂರು ಹುಲ್ಲುಗಳ ನಡುವೆ ಕುಶ ಯಾವುದೆಂದು ಗುರುತಿಸುವ ಕಣ್ಣು, ಕೊಯ್ದುಕೊಳ್ಳದೆ ಹಿಡಿಯುವ ಕೈ. ತುರಚಿ ಕೇಳುವುದೂ ಇವೆರಡನ್ನೇ.

ಮೊದಲು ಕೈಯ ಮಾತು. ಉರ್ಟಿಕಾದ ಎಲೆ ಕಾಂಡಗಳ ಮೇಲಿನ ರೋಮ ಒಂದೊಂದೂ ಒಂದು ಸಿರಿಂಜು. ತುದಿಯಲ್ಲಿ ಸಿಲಿಕಾದ, ಅಂದರೆ ಗಾಜಿನಂಥ ವಸ್ತುವಿನ ಪುಟ್ಟ ಗುಂಡು. ತಾಗಿದೊಡನೆ ಅದು ಓರೆಯಾಗಿ ಮುರಿಯುತ್ತದೆ, ಉಳಿದ ಮೊನೆ ಚರ್ಮ ಹೊಕ್ಕು ಬುಡದ ಚೀಲದ ರಸವನ್ನು ಒಳಗೆ ಬಿಡುತ್ತದೆ. ಇರುವೆಯ ಫಾರ್ಮಿಕ್ ಆಮ್ಲವೇ ಇದೆಲ್ಲಕ್ಕೂ ಕಾರಣ ಎಂದು ಬಹುಕಾಲ ನಂಬಿದ್ದರು. 1947ರಲ್ಲಿ ಎಮ್ಮೆಲಿನ್ ಮತ್ತು ಫೆಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು ಆ ರಸದಲ್ಲಿ ಹಿಸ್ಟಮಿನ್ ಮತ್ತು ಅಸೆಟೈಲ್‌ಕೋಲಿನ್ ಇರುವುದನ್ನು ತೋರಿಸಿದರು. 1956ರಲ್ಲಿ ಸೆರೊಟೋನಿನ್ ಕೂಡ ಪತ್ತೆಯಾಯಿತು. ನಮ್ಮ ದೇಹ ತಾನೇ ತಯಾರಿಸಿಕೊಳ್ಳುವ ಸಂದೇಶವಾಹಕಗಳನ್ನೇ ಈ ಗಿಡ ನಮ್ಮ ಮೇಲೆ ಎಸೆಯುತ್ತದೆ. ತುರಚಿ ಬಳ್ಳಿಯ ಉಪಾಯ ಬೇರೆ. ಅದರ ರೋಮದೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಚೂಪು ಹರಳಿದೆ. ಹೇಗೇ ಆದರೂ ಉಜ್ಜಿದರೆ ಮುರಿದ ಮೊನೆಗಳು ಇನ್ನಷ್ಟು ಇಳಿಯುತ್ತವೆ. ಸೊಪ್ಪಿನವಳ ಚೊಂಬಿನ ನೀರಿಗಿಂತ ಉತ್ತಮ ಪ್ರಥಮ ಚಿಕಿತ್ಸೆ ನನಗೆ ಗೊತ್ತಿಲ್ಲ.

ಇಷ್ಟು ಉರಿಯುವ ಉರ್ಟಿಕಾವನ್ನು ಮನುಷ್ಯ ತಿನ್ನುವುದೇಕೆ? ಬೆಂಕಿಯ ಮುಂದೆ ಈ ಆಯುಧ ನಿಲ್ಲದು, ಅದಕ್ಕೆ. ಕುದಿನೀರಿನಲ್ಲಿ ಅದ್ದಿದರೆ ರೋಮಗಳು ಸೋತು ಮೆತ್ತಗಾಗುತ್ತವೆ, ಉಳಿಯುವುದು ಬಸಳೆಯಂಥ ಪಾಪದ ಸೊಪ್ಪು. ಕುಮಾವೂಂನಲ್ಲಿ ಇದನ್ನು ಸಿಸೂಣ್, ಗಢವಾಲದಲ್ಲಿ ಕಂಡಾಲಿ, ನೇಪಾಳದಲ್ಲಿ ಸಿಸ್ನು ಎಂದು ಕರೆದು ಚಳಿಗಾಲದಲ್ಲಿ ಉಣ್ಣುತ್ತಾರೆ. ಟಿಬೆಟಿನ ಯೋಗಿ ಮಿಲರೇಪ ಗುಹೆಯಲ್ಲಿ ಇದನ್ನೇ ತಿಂದು ಮೈಬಣ್ಣವೇ ಹಸಿರಾಯಿತೆಂಬ ಕಥೆಯಿದೆ. ಚಿತ್ರಪಟಗಳಲ್ಲಿ ಅವನನ್ನು ಹಸಿರಾಗಿಯೇ ಬರೆಯುವುದುಂಟು. ಬೇಯಿಸಿದ 100 ಗ್ರಾಂ ಸೊಪ್ಪಿನಲ್ಲಿ ಸುಮಾರು 480 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರು ಧಾರಾಳ, ಕೆ ಜೀವಸತ್ವ ಹೇರಳ. ಹಣವಿಲ್ಲದ ಬೆಟ್ಟದ ಮನೆಗೆ ಇದು ನಿಜಕ್ಕೂ ವರ.

ಔಷಧಿಯ ಮಾತಿಗೆ ಬಂದರೆ ದನಿ ತುಸು ತಗ್ಗಿಸಬೇಕು. ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ಮೂತ್ರಕ್ಕೆ ತೊಂದರೆಯಾದ ಗಂಡಸರಿಗೆ ಇದರ ಬೇರನ್ನು ಕೊಡಬಹುದೆಂದು ಜರ್ಮನಿಯ ಮೂಲಿಕೆ ಔಷಧಿಗಳ ಸಮಿತಿ ‘ಕಮಿಷನ್ ಇ’ ಒಪ್ಪಿತ್ತು. ತೊಂದರೆ ಹಗುರಾಗುತ್ತದೆ, ಗ್ರಂಥಿಯ ಗಾತ್ರ ಕುಗ್ಗುವುದಿಲ್ಲ ಎಂದು ಅದೇ ಸೇರಿಸಿತ್ತು. 2000ದಲ್ಲಿ ಇಂಗ್ಲೆಂಡಿನಲ್ಲಿ ಹೆಬ್ಬೆರಳ ಬುಡದ ಸಂಧಿನೋವಿದ್ದ 27 ಮಂದಿಗೆ ವಾರಕಾಲ ದಿನವೂ ಈ ಎಲೆಯನ್ನು ನೋವಿನ ಜಾಗಕ್ಕೆ ಮುಟ್ಟಿಸಿದರು. ಹೋಲಿಕೆಗಾಗಿ ಚುಚ್ಚದ ಎಲೆ ಮುಟ್ಟಿಸಿದ ಇನ್ನೊಂದು ವಾರಕ್ಕಿಂತ ಈ ವಾರ ನೋವು ಕಡಿಮೆಯಿತ್ತು. ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ! ಆದರೆ 27 ಹೆಬ್ಬೆರಳುಗಳಿಂದ ಊರಿನ ಮಂಡಿನೋವಿಗೆಲ್ಲ ಉತ್ತರ ಸಿಗದು. ಸಂದೇಶ ಬರೆದವರು ಬಿಟ್ಟ ಇನ್ನೊಂದು ಸಂಗತಿಯೂ ಇದೆ. ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಹೃದಯದ ತೊಂದರೆಗೆ ವಾರ್ಫರಿನ್ ನುಂಗುವವರು ಈ ಸೊಪ್ಪನ್ನು ಗಪ್ಪನೆ ಹೆಚ್ಚಿಸಿದರೆ ಮಾತ್ರೆಯ ಕೆಲಸ ಕೆಡುತ್ತದೆ.

ಇನ್ನು ಕಣ್ಣಿನ ಮಾತು, ಅಂದರೆ ಗುರುತಿನ ಮಾತು. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೊರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾಯಿತು. ಅದಕ್ಕೆ ನೆರವಾದವರಲ್ಲಿ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ನಾಗರಿ ಲಿಪಿಯಲ್ಲಿ ಅವರು ಬರೆದುಕೊಟ್ಟ ಕೊಂಕಣಿ ಒಕ್ಕಣೆ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ಆ ಗ್ರಂಥ ತುರಿಕೆ ಗಿಡಗಳನ್ನು ಒಂದೇ ಬುಟ್ಟಿಗೆ ಹಾಕಲಿಲ್ಲ. ‘ಚೊರಿಯಣಂ’ ಎಂಬ ಮಲೆಯಾಳದ ಹೆಸರಿಗೆ ಬಳ್ಳಿಯದೊಂದು, ಆನೆಯದೊಂದು ಎಂಬಂತೆ ವಿಶೇಷಣ ಹಚ್ಚಿ ಬೇರೆ ಬೇರೆ ಚಿತ್ರ ಬರೆಸಿತು. ಹಾಗಿದ್ದೂ ಗೊಂದಲ ತಪ್ಪಿಲ್ಲ. ಆಯುರ್ವೇದ ‘ದುರಾಲಭಾ’ ಎನ್ನುವ ಮೂಲಿಕೆಗೆ ಉತ್ತರದವರು ಒಣನೆಲದ ಫ್ಯಾಗೋನಿಯಾ ಬಳಸಿದರೆ ಕೇರಳದ ವೈದ್ಯರು ತುರಚಿ ಬಳ್ಳಿಯ ಬೇರು ಬಳಸುತ್ತಾರೆ. ಒಂದೇ ಹೆಸರು, ಗಿಡ ಎರಡು. ಪಂಡಿತರಲ್ಲೇ ಹೀಗಾದರೆ ಫೋನಿನ ಸಂದೇಶದ ಪಾಡೇನು?

ಗುರುತು ಸರಿಯಾಗಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಸುಗುನ್ನಿ ಸಾಕ್ಷಿ. ಅದರ ಕಾಯಿಯ ರೋಮ ಮೈಗೆ ಬಿದ್ದರೆ ಮನುಷ್ಯ ಹುಚ್ಚನಂತೆ ಕುಣಿಯುತ್ತಾನೆ. ಅದರ ಬೀಜದಿಂದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ಮದರಾಸಿನಲ್ಲಿ ಎಲ್-ಡೋಪಾ ಬೇರ್ಪಡಿಸಿದರು. ದಶಕಗಳ ನಂತರ ಪಾರ್ಕಿನ್‌ಸನ್ ಕಾಯಿಲೆಗೆ ಜಗತ್ತಿನ ಮುಖ್ಯ ಮದ್ದಾದದ್ದು ಅದೇ ಎಲ್-ಡೋಪಾ. ತುರಿಸುವುದು ಹೊರಗಿನ ರೋಮ, ಗುಣವಿರುವುದು ಒಳಗಿನ ಬೀಜದಲ್ಲಿ. ಭಾಗವನ್ನೂ ಅಳತೆಯನ್ನೂ ಅರಿತವರಿಗೆ ಅದು ದಕ್ಕಿತು.

ನಮ್ಮ ಅಡುಗೆಮನೆಗೆ ಈ ಅರಿವು ಹಳೆಯದು. ಕೆಸುವಿನ ಎಲೆಯಲ್ಲೂ ಆಕ್ಸಲೇಟಿನ ಸೂಜಿಗಳಿವೆ, ಹಸಿಯಾಗಿ ತಿಂದರೆ ಗಂಟಲು ಕೆರೆಯುತ್ತದೆ. ಹುಣಸೆಹುಳಿಯ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಿದರೆ ಅದೇ ಎಲೆ ಪತ್ರೊಡೆ. ಗೋವೆಯವರು ಕಾಡುಕೆಸುವಿಗೆ ಅಮಟೆಕಾಯಿ ಹಾಕುತ್ತಾರೆ. ಕೇರಳದಲ್ಲಿ ಕರ್ಕಾಟಕ ಮಾಸದ ಹತ್ತೆಲೆಗಳ ಪಲ್ಯಕ್ಕೆ ‘ತೂವ’ ಎಂದು ಕರೆಯುವ ತುರಿಕೆ ಸೊಪ್ಪೂ ಸೇರುತ್ತದೆ. ಯಾವ ಬೇಲಿಯದು, ಯಾವ ತಿಂಗಳಿನದು, ಎಷ್ಟು ಹೊತ್ತು ಬೇಯಬೇಕು ಎಂಬುದು ಅಜ್ಜಿಯಿಂದ ಮೊಮ್ಮಗಳಿಗೆ ಒಲೆಯ ಮುಂದೆಯೇ ದಾಟಿದ ವಿದ್ಯೆ. ಸಂದೇಶದಲ್ಲಿ ಸೊಪ್ಪಿನ ಹೆಸರು ಬರುತ್ತದೆ, ಈ ವಿದ್ಯೆ ಬರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ತಂಪು ಸೀಮೆಯ ಗಿಡದ ಗುಣವನ್ನು ಓದಿ ನಿಮ್ಮ ಗೋಡೆಯ ತುರಚಿಯನ್ನು ಚಹಾಕ್ಕೆ ಹಾಕಬೇಡಿ. ಔಷಧಿ ನುಂಗುತ್ತಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದರ ಪುಡಿಯನ್ನೋ ಮಾತ್ರೆಯನ್ನೋ ಕೊಳ್ಳಬೇಡಿ. ಹಾಗೆಂದು ಕಂಡಕಂಡಲ್ಲಿ ಕಿತ್ತೆಸೆಯಲೂ ಬೇಡಿ. ತುರಚಿ ಬಳ್ಳಿಯ ಎಲೆ ತಿಂದೇ ಬೆಳೆಯುವ ಚಿಟ್ಟೆಗಳಿವೆ. ಮಳೆಗಾಲದ ಸೊಪ್ಪು ಬೇಕೆನಿಸಿದರೆ ಅದನ್ನು ಬಲ್ಲವರ ಬುಟ್ಟಿಯಿಂದ ಕೊಳ್ಳಿ. ನಾನು ಆ ದಿನ ಕೊರ್ತಾಲಿಮ್‌ನಲ್ಲಿ ಹತ್ತು ರೂಪಾಯಿಗೆ ಎರಡು ಕಟ್ಟು ತಗಟೆ ಸೊಪ್ಪು ಕೊಂಡೆ. ನೀರಿಗೆ ಅವಳು ದುಡ್ಡು ತೆಗೆದುಕೊಳ್ಳಲಿಲ್ಲ.