ಮಂಡಿಯ ಕೀಲೆಣ್ಣೆ: ಚುಚ್ಚುಮದ್ದಿನ ಭರವಸೆ ಮತ್ತು ಅದರ ಪುರಾವೆ

ಸವೆದ ಮಂಡಿಯೊಳಗೆ ಹಯಲುರಾನಿಕ್ ಆಮ್ಲದ ದ್ರವವನ್ನು ಚುಚ್ಚಿ ನೋವು ಶಮನಗೊಳಿಸುವ ಚಿಕಿತ್ಸೆ ಇಂದು ಅನಿವಾಸಿ ಕನ್ನಡ ಕುಟುಂಬಗಳಲ್ಲಿ ಮನೆಮಾತಾಗಿದೆ. ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕಿದಂತೆ ಮಂಡಿಗೂ ಎಣ್ಣೆ ಹಾಕಿಸಬಹುದು ಎಂಬ ಕಲ್ಪನೆ ನಮಗೆ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಈ ಹೋಲಿಕೆ ಎಷ್ಟರಮಟ್ಟಿಗೆ ನಿಜ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ನಾನು ನೆಲೆಸಿರುವುದು ಸಿಂಗಪುರದ ಬುಕಿತ್ ಪಂಜಾಂಗ್‌ನಲ್ಲಿ. ಮಲಯ ಭಾಷೆಯಲ್ಲಿ ಈ ಹೆಸರಿಗೆ ‘ಉದ್ದನೆಯ ಗುಡ್ಡ’ ಎಂದರ್ಥ. ಊರಿನಿಂದ ಕೆಲವು ತಿಂಗಳ ಮಟ್ಟಿಗೆ ಬರುವ ತಂದೆತಾಯಿಯರು ಇಲ್ಲಿ ಎದುರಿಸುವ ಮೊದಲ ತೊಡಕು ಏರು, ಇಳಿಜಾರು ಮತ್ತು ಮೆಟ್ಟಿಲು. ಅಷ್ಟರವರೆಗೆ ‘ವಯಸ್ಸಾಯಿತಲ್ಲ’ ಎಂದು ಮುಚ್ಚಿಟ್ಟಿದ್ದ ನೋವು ಆಗ ಮಕ್ಕಳ ಕಣ್ಣಿಗೆ ಬೀಳುತ್ತದೆ. ಇಲ್ಲಿನ ಸರ್ಕಾರಿ ಪಾಲಿಕ್ಲಿನಿಕ್‌ಗಳ ಸಹಾಯಧನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ಭೇಟಿಗೆ ಬಂದವರ ಚಿಕಿತ್ಸೆಗೆ ಪೂರ್ಣ ದರ ತೆರಬೇಕು. ಅಪ್ಪ ಅಮ್ಮ ಹಿಂದಿರುಗುವ ಮೊದಲು ‘ಏನಾದರೂ ಮಾಡಿಸಿಬಿಡೋಣ’ ಎಂಬ ಮಕ್ಕಳ ಆತುರಕ್ಕೆ ಚುಚ್ಚುಮದ್ದು ಚೆನ್ನಾಗಿ ಒಗ್ಗುತ್ತದೆ.

ಹಯಲುರಾನಿಕ್ ಆಮ್ಲ ಆರೋಗ್ಯವಂತರ ಕೀಲುದ್ರವದಲ್ಲಿ ಸ್ವಾಭಾವಿಕವಾಗಿಯೇ ಇರುವ ವಸ್ತು. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಮುಂದೆ ಹುಂಜದ ಜುಟ್ಟಿನಿಂದಲೂ ಬ್ಯಾಕ್ಟೀರಿಯಾಗಳಿಂದಲೂ ಇದನ್ನು ತಯಾರಿಸತೊಡಗಿದರು. 1997ರಲ್ಲಿ ಅಮೆರಿಕದ ಎಫ್‌ಡಿಎ ಹಯಲ್‌ಗನ್ ಮತ್ತು ಸಿನ್ವಿಸ್ಕ್ ಎಂಬ ಉತ್ಪನ್ನಗಳಿಗೆ ಒಪ್ಪಿಗೆಯಿತ್ತಿತು. ಆದರೆ ಒಪ್ಪಿಗೆ ದೊರೆತದ್ದು ಔಷಧವೆಂದಲ್ಲ, ವೈದ್ಯಕೀಯ ಸಾಧನವೆಂದು. ಅಂದರೆ ಕೀಲೆಣ್ಣೆಯ ಹೋಲಿಕೆಯೇ ಕಾನೂನಿನಲ್ಲಿಯೂ ಸ್ಥಾನ ಪಡೆಯಿತು. ಇದರ ಪರಿಣಾಮ ರಾಸಾಯನಿಕ ಕ್ರಿಯೆಯಿಂದ ಬರುವಂತೆ ತೋರುವುದರಿಂದ ಈ ವರ್ಗೀಕರಣವನ್ನು ಮರುಪರಿಶೀಲಿಸುವ ಇಂಗಿತವನ್ನು ಅದೇ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಚುಚ್ಚಿದ ದ್ರವ ಕೀಲಿನಲ್ಲಿ ಉಳಿಯುವುದು ಕೆಲವು ದಿನ. ಸಾಂದ್ರಗೊಳಿಸಿದ ಬಗೆಗಳಾದರೆ ಕೆಲವು ವಾರ. ಆರು ತಿಂಗಳ ಉಪಶಮನದ ಭರವಸೆಯನ್ನು ಜಾರುಗುಣವೊಂದರಿಂದಲೇ ವಿವರಿಸಲಾಗದು. ಸವೆದ ಮೃದ್ವಸ್ಥಿ ಇದರಿಂದ ಮರಳಿ ಬೆಳೆಯುತ್ತದೆ ಎಂಬುದಕ್ಕೂ ದೃಢ ಆಧಾರವಿಲ್ಲ.

ಹಾಗಾದರೆ ನೋವು? 2022ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಸಮೀಕ್ಷೆಯೊಂದು 169 ಪ್ರಯೋಗಗಳನ್ನು ಒಟ್ಟುಗೂಡಿಸಿತು. ಹುಸಿಮದ್ದಿನೊಡನೆ ಹೋಲಿಸಿದ 24 ದೊಡ್ಡ ಪ್ರಯೋಗಗಳಲ್ಲಿ ಸುಮಾರು 9,000 ಮಂದಿ ಭಾಗವಹಿಸಿದ್ದರು. ನೋವನ್ನು 100 ಮಿಲಿಮೀಟರ್ ಉದ್ದದ ಗೆರೆಯ ಮೇಲೆ ಗುರುತಿಸಿದರೆ, ಎರಡು ಗುಂಪುಗಳ ನಡುವಿನ ಅಂತರ ಸರಾಸರಿ 2 ಮಿಲಿಮೀಟರ್. ರೋಗಿಗೆ ಅರ್ಥಪೂರ್ಣವೆನಿಸಲು ಕನಿಷ್ಠ 9 ಮಿಲಿಮೀಟರ್ ಬೇಕೆಂದು ಸಂಶೋಧಕರು ಎಣಿಸಿದ್ದರು. ಗಂಭೀರ ಪ್ರತಿಕೂಲ ಘಟನೆಗಳು ಚುಚ್ಚುಮದ್ದಿನ ಗುಂಪಿನಲ್ಲಿ ಸುಮಾರು ಒಂದೂವರೆ ಪಟ್ಟು ಕಂಡುಬಂದವು.

‘ನಮ್ಮ ಅತ್ತೆಗೆ ಗುಣವಾಯಿತಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬರಿಯ ಉಪ್ಪುನೀರು ಚುಚ್ಚಿಸಿಕೊಂಡವರಲ್ಲಿಯೂ ನೋವು ಗಣನೀಯವಾಗಿ ಇಳಿಯುತ್ತದೆ. ಮಂಡಿನೋವಿಗೆ ಏರಿಳಿತ ಸಹಜ. ಜನರು ವೈದ್ಯರ ಬಳಿಗೆ ಹೋಗುವುದು ಅದು ಉಚ್ಛ್ರಾಯದಲ್ಲಿರುವಾಗ. ನಂಬಿಕೆ ಮತ್ತು ಆರೈಕೆಗಳೂ ನೋವನ್ನು ತಗ್ಗಿಸುತ್ತವೆ. ಉಪಶಮನ ನಿಜ, ಅದರ ಶ್ರೇಯಸ್ಸೆಲ್ಲ ಆ ದ್ರವಕ್ಕೇ ಸಲ್ಲಬೇಕೆಂಬುದು ಮಾತ್ರ ಅನುಮಾನಾಸ್ಪದ.

ತಜ್ಞಸಂಘಗಳಲ್ಲಿಯೂ ಒಮ್ಮತವಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿಯೂ ಇದನ್ನು ನೀಡಬಾರದೆಂದಿದೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2021ರಲ್ಲಿ ವಾಡಿಕೆಯ ಬಳಕೆಗೆ ಶಿಫಾರಸು ಮಾಡಲಿಲ್ಲ. ಆದರೆ ಓಎಆರ್‌ಎಸ್‌ಐ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಘ 2019ರಲ್ಲಿ ಷರತ್ತುಬದ್ಧ ಸಮ್ಮತಿಯನ್ನೇ ಸೂಚಿಸಿತ್ತು. ಈ ಎಲ್ಲ ಸಂಸ್ಥೆಗಳೂ ಒಪ್ಪುವುದು ಬೇರೊಂದನ್ನು: ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮತ್ತು ಅಗತ್ಯವಿದ್ದವರಿಗೆ ತೂಕ ಇಳಿಕೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆಂದು 2005ರ ಅಮೆರಿಕನ್ ಅಧ್ಯಯನವೊಂದು ತೋರಿಸಿತು.

ನಮ್ಮ ಕುಟುಂಬಗಳ ನಿಜವಾದ ಇಕ್ಕಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ. ಚುಚ್ಚುಮದ್ದು ಭೇಟಿಯ ಅವಧಿಯೊಳಗೆ ಮುಗಿಯುತ್ತದೆ, ಹಣದಿಂದ ದೊರೆಯುತ್ತದೆ, ಮಕ್ಕಳ ಋಣಭಾವವನ್ನು ಒಂದಿಷ್ಟು ಹಗುರಗೊಳಿಸುತ್ತದೆ. ವ್ಯಾಯಾಮಕ್ಕೆ ಹಣಕ್ಕಿಂತ ಹೆಚ್ಚಾಗಿ ಜೊತೆ ಬೇಕು, ಮತ್ತು ಅದು ವಿಮಾನ ಹತ್ತಿದ ಮೇಲೆಯೂ ಮುಂದುವರಿಯಬೇಕು. ಅದೇ ಹಣದಲ್ಲಿ ಫಿಸಿಯೋಥೆರಪಿ ತಜ್ಞರನ್ನು ಕೆಲವು ಬಾರಿ ಕಂಡು, ಕುರ್ಚಿಯಿಂದ ಕೈಯೂರದೆ ಏಳುವ, ಕಾಲು ನೀಡಿ ಎತ್ತುವ ಅಭ್ಯಾಸಗಳನ್ನು ಸರಿಯಾಗಿ ಕಲಿಸಬಹುದು. ಬುಕಿತ್ ಪಂಜಾಂಗ್‌ನ ಪಾಂಗ್ ಸುವಾ ಕೊಳದ ಬಳಿಯ ದಾರಿಯಲ್ಲಿ ಸಂಜೆ ಅಮ್ಮನ ಜೊತೆ ಅರ್ಧ ಗಂಟೆ ನಡೆಯಬಹುದು. ಊರಿಗೆ ಮರಳಿದ ಮೇಲೆ ವೀಡಿಯೊ ಕರೆಯಲ್ಲಿ ‘ಊಟ ಆಯಿತೇ’ ಎಂಬ ಪ್ರಶ್ನೆಯ ಜೊತೆಗೆ ‘ವ್ಯಾಯಾಮ ಆಯಿತೇ’ ಎಂಬುದನ್ನೂ ಸೇರಿಸಬಹುದು.

ಹೀಗಿದ್ದೂ ಚುಚ್ಚುಮದ್ದನ್ನೇ ಆಯ್ದುಕೊಳ್ಳುವವರು ವೈದ್ಯರನ್ನು ಮೂರು ಪ್ರಶ್ನೆ ಕೇಳಬೇಕು: ಸವೆತ ಯಾವ ಹಂತದಲ್ಲಿದೆ? ವ್ಯಾಯಾಮವನ್ನು ಸಾಕಷ್ಟು ಕಾಲ ಪ್ರಯತ್ನಿಸಿದ್ದಾಗಿದೆಯೇ? ಊರು ಸೇರಿದ ಮೇಲೆ ಮಂಡಿ ಊದಿಕೊಂಡು ಜ್ವರ ಬಂದರೆ ಯಾರನ್ನು ಕಾಣಬೇಕು? ಸೋಂಕು ಅಪರೂಪ, ಆದರೆ ತಡವಾದರೆ ಅಪಾಯಕಾರಿ. ಈ ಪ್ರಶ್ನೆಗಳನ್ನು ಕೇಳುವಾಗ ಮಂಡಿನೋವು ಯಾರದೋ ಅವರೂ ಆ ಕೋಣೆಯಲ್ಲಿರಲಿ, ಉತ್ತರವನ್ನು ಅವರ ಭಾಷೆಯಲ್ಲಿ ಅವರಿಗೆ ತಿಳಿಸಲಾಗಲಿ. ತೀರ್ಮಾನ ಅವರದು.