ತೆರೆಯಬಹುದಾದುದು, ತೆರೆಯಬಾರದುದು

ಹಳೆಯ ಸಾಮಾನು ಕೊಳ್ಳುವುದು ಬಡತನದ ಗುರುತೆಂದು ನಾಚುವವರಿದ್ದಾರೆ. ಅದೇ ಜಾಣತನವೆಂದು ಬೀಗುವವರೂ ಇದ್ದಾರೆ. ಕೊಂಡ ವಸ್ತುವಿನಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಸಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬಲ್ಲವನಿಗೆ ಈ ಎರಡು ಮಾತುಗಳ ಹಂಗೂ ಇಲ್ಲ.

ಆನೈಮಲೈಯ ಅಡಿಯ ಊರುಗಳಿಗೆ ವಿದ್ಯುತ್ ದೀಪದ ನಂಟು ಹಳೆಯದು. ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರ 1932ರಲ್ಲಿ ಆರಂಭವಾದ ಮೇಲೆ ಕೊಯಮತ್ತೂರಿನ ಹತ್ತಿ ಗಿರಣಿಗಳು ಹಬ್ಬಿದವು. ಈ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರ ಕುಟುಂಬಗಳಿಗೆ ಬೆಳಕಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಡಿದ ಎಳೆ ಮಂದ ಬೆಳಕಿನಲ್ಲಿ ಕಾಣದು. ಇಂದು ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ, ಹಿತ್ತಾಳೆ ತೋಳಿನ ಗೋಡೆದೀಪವೂ ಹಾಲುಗಾಜಿನ ಬುರುಡೆಯೂ ಹಳೆ ಸಾಮಾನಿನ ಅಂಗಡಿ ಸೇರುತ್ತವೆ. ಮಗುವಿನ ಓದುಮೇಜಿಗೆ ಒಂದು ಒಳ್ಳೆಯ ದೀಪ ಅಲ್ಲಿ ಅಗ್ಗವಾಗಿ ದೊರೆಯಬಹುದು.

ಆದರೆ ಕೊಳ್ಳುವ ಮುನ್ನ ಕಾನೂನಿನ ಒಂದು ಮಾತು ನೆನಪಿರಲಿ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದಂತೆ, ಅಂಥ ಸರಕಿನ ವ್ಯಾಪಾರಿಯಿಂದ ವರ್ಣನೆಯ ಮೇರೆಗೆ ಕೊಂಡ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ತಾನಾಗಿಯೇ ಅಡಕವಾಗಿರುತ್ತದೆ. ಆದರೆ ಕೊಳ್ಳುವವನು ವಸ್ತುವನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆ ರಕ್ಷಣೆ ಇಲ್ಲ. ಬಿರುಕುಬಿಟ್ಟ ಗಾಜನ್ನು ಕೈಯಲ್ಲಿ ತಿರುಗಿಸಿ ನೋಡಿಯೂ ಕೊಂಡವನು ನಾಳೆ ಬಿರುಕಿನ ದೂರು ಹೇಳಲಾಗದು. ಆದುದರಿಂದ ದೀಪವನ್ನು ಹಗಲಿನಲ್ಲಿ, ಅವಸರವಿಲ್ಲದೆ ನೋಡಬೇಕು.

ಉಳಿಸಿಕೊಳ್ಳಬೇಕಾದುದು ಗಾಜು ಮತ್ತು ಲೋಹದ ಒಡಲು. ಬಿಸಾಡಬೇಕಾದುದು ತಂತಿ, ಹೋಲ್ಡರ್, ಪ್ಲಗ್ಗು. ಹಳೆಯ ತಂತಿಯ ಹೊದಿಕೆ ಬಿಸಿಗೆ ಒಣಗಿ, ಬಗ್ಗಿಸಿದೊಡನೆ ಪುಡಿಯಾಗುತ್ತದೆ. ಅದರ ಮೇಲೆ ಟೇಪು ಸುತ್ತುವುದು ಹುಣ್ಣನ್ನು ಮುಚ್ಚಿಟ್ಟಂತೆ. ಒಡಲು ಲೋಹದ್ದಾದರೆ ಮೂರೆಳೆಯ ಹೊಸ ತಂತಿ, ಮೂರು ಪಿನ್ನಿನ ಪ್ಲಗ್ಗು ಕಡ್ಡಾಯವೆಂದೇ ತಿಳಿಯಬೇಕು. ಹಸಿರು, ಅಥವಾ ಹಸಿರು-ಹಳದಿ ಎಳೆ ಭೂಸಂಪರ್ಕದ್ದು. ಅದನ್ನು ಲೋಹದ ಒಡಲಿಗೇ ಬಿಗಿಯಬೇಕು. 230 ವೋಲ್ಟಿನ ಎಳೆಯೊಂದು ಒಳಗೆ ಕಳಚಿ ಹಿತ್ತಾಳೆಗೆ ತಗುಲಿದ ದಿನ, ಮಗುವಿನ ಕೈಯನ್ನು ಕಾಯುವುದು ಆ ಒಂದು ಎಳೆ. ತಿರುಪಿನ ಹೋಲ್ಡರ್ ಆದರೆ ಫೇಸ್ ಎಳೆ ನಡುವಿನ ಬಿಂದುವಿಗೆ ಬರಬೇಕು. ಹೊರಗಿನ ತಿರುಪಿಗೆ ಬಂದರೆ ಬಲ್ಬು ಬದಲಿಸುವಾಗ ಬೆರಳು ಅದಕ್ಕೆ ತಾಗಬಹುದು. ಜೋಡಣೆಯನ್ನು ಪರವಾನಗಿಯುಳ್ಳ ವೈರ್‌ಮನ್ ಕೈಯಲ್ಲಿ ಮಾಡಿಸುವುದೇ ಮೇಲು. ಗಾಜು ತೊಳೆಯುವುದು, ಹುಣಸೆಹಣ್ಣಿನಿಂದ ಹಿತ್ತಾಳೆ ಬೆಳಗುವುದು ತಂತಿ ಕಳಚಿದ ಮೇಲೆ ಮಕ್ಕಳ ಪಾಲಿನ ಕೆಲಸ.

ಹಳೆಯ 60 ವಾಟಿನ ಬಲ್ಬಿನ ಜಾಗಕ್ಕೆ 9 ವಾಟಿನ ಎಲ್‌ಇಡಿ ಸಾಕು. ಪೂರ್ತಿ ಮುಚ್ಚಿದ ಗಾಜಿನ ಬುರುಡೆಯಲ್ಲಿ ಮಾತ್ರ ಅದರ ಒಳಗಿನ ಎಲೆಕ್ಟ್ರಾನಿಕ್ ಭಾಗ ಬಿಸಿಗೆ ಬೇಗ ಸೊರಗುತ್ತದೆ. ಗಾಳಿಯಾಡುವ ಬುರುಡೆಯನ್ನೇ ಆರಿಸಬೇಕು. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬೀಳಲಿ. ಕೈಯ ನೆರಳು ಅಕ್ಷರವನ್ನು ಮುಚ್ಚಬಾರದು. ಒತ್ತಕ್ಷರ, ದೀರ್ಘ, ಸೊನ್ನೆಗಳಿರುವ ಕನ್ನಡ ಬರವಣಿಗೆಗೆ ಇದು ಸಣ್ಣ ಸಂಗತಿಯಲ್ಲ.

ಅದೇ ಅಂಗಡಿಯ ಮೂಲೆಯಲ್ಲಿ ಹಳೆಯ ಮೈಕ್ರೋವೇವ್ ಒಲೆಯೂ ಕೂತಿರಬಹುದು. ದೀಪಕ್ಕೆ ಅನ್ವಯಿಸಿದ ನ್ಯಾಯ ಇದಕ್ಕೆ ಸಲ್ಲದು. ಇದರ ಹೊರಕವಚವನ್ನು ಮನೆಯಲ್ಲಿ ಎಂದಿಗೂ ಬಿಚ್ಚಬಾರದು. ಒಳಗಿನ ಕೆಪಾಸಿಟರ್ ಎರಡು ಸಾವಿರ ವೋಲ್ಟಿಗೂ ಮಿಕ್ಕ ವಿದ್ಯುತ್ತನ್ನು, ಪ್ಲಗ್ಗು ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಅದು ಪ್ರಾಣ ತೆಗೆಯಬಲ್ಲದು. ಬಾಗಿಲು ಸೊಟ್ಟಗಿದ್ದರೆ, ಅಂಚು ತುಕ್ಕು ಹಿಡಿದಿದ್ದರೆ, ಬಾಗಿಲು ತೆರೆದಾಗ ಯಂತ್ರ ತಕ್ಷಣ ನಿಲ್ಲದಿದ್ದರೆ ಬೆಲೆ ಎಷ್ಟು ಇಳಿದರೂ ಅಲ್ಲಿಯೇ ಬಿಟ್ಟು ಬರುವುದು ಲೇಸು. ಸುಸ್ಥಿತಿಯ ಒಲೆ ಮನೆಯಲ್ಲಿದ್ದರೆ, ದೀಪ ಬೆಳಗಿದ ಸಂಜೆ ಅದರಿಂದ ಒಂದು ಸಿಹಿ ಮಾಡಬಹುದು.

ಅದಕ್ಕೆ ಬೇಕಾದುದೆಲ್ಲ ಪೊಲ್ಲಾಚಿಯ ತೆಂಗಿನ ಸೀಮೆಯಲ್ಲಿ ಕೈಗೆ ಎಟಕುವಂಥದು. ಸುಮಾರು 300 ಮಿಲಿಲೀಟರ್ ಹಿಡಿಯುವ ಪಿಂಗಾಣಿ ಲೋಟದಲ್ಲಿ 4 ದೊಡ್ಡ ಚಮಚ ಮೈದಾ, 2 ದೊಡ್ಡ ಚಮಚ ಬೆಲ್ಲದ ಪುಡಿ, ಕಾಲು ಸಣ್ಣ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಚಿಟಿಕೆ ಏಲಕ್ಕಿ ಪುಡಿ ಬೆರೆಸಬೇಕು. 4 ದೊಡ್ಡ ಚಮಚ ತೆಂಗಿನ ಹಾಲು, ಒಂದು ದೊಡ್ಡ ಚಮಚ ತುಪ್ಪ, ಒಂದು ದೊಡ್ಡ ಚಮಚ ಕಾಯಿತುರಿ ಹಾಕಿ ಗಂಟಿಲ್ಲದಂತೆ ಕಲಸಬೇಕು. ಹಿಟ್ಟು ಅರ್ಧ ಲೋಟ ಮೀರಬಾರದು. 800 ವಾಟಿನ ಒಲೆಯಲ್ಲಿ 70 ಸೆಕೆಂಡು ಇಟ್ಟು ನೋಡಿ, ಮಧ್ಯೆ ಹಸಿಯಿದ್ದರೆ ಹತ್ತು ಹತ್ತು ಸೆಕೆಂಡು ಹೆಚ್ಚಿಸಬೇಕು. ಎರಡು ನಿಮಿಷ ಆರಿದ ಮೇಲೆ ತಿನ್ನಬಹುದು. ಲೋಟಕ್ಕೆ ಚಿನ್ನದ ಅಥವಾ ಬೆಳ್ಳಿಯ ಗೆರೆಯಿದ್ದರೆ ಅದು ಬೇಡ. ಲೋಹದಲ್ಲಿ ಕಿಡಿ ಏಳುತ್ತದೆ.

ಮಕ್ಕಳು ಕಾರಣ ಕೇಳದೆ ಬಿಡರು. ಒಲೆಯ 2450 ಮೆಗಾಹರ್ಟ್ಸ್ ಅಲೆಗಳು ಮುಖ್ಯವಾಗಿ ಹಿಟ್ಟಿನೊಳಗಿನ ನೀರನ್ನು ಕಾಯಿಸುತ್ತವೆ. ಅಲೆಗಳ ಪ್ರಭಾವ ಒಂದೆರಡು ಅಂಗುಲ ಒಳಹೋಗುವಷ್ಟರಲ್ಲಿ ಕುಗ್ಗುವುದರಿಂದ ನಡುಭಾಗ ಕೊನೆಗೆ ಬೇಯುತ್ತದೆ. ಆರಲು ಬಿಟ್ಟ ಎರಡು ನಿಮಿಷದಲ್ಲಿ ಸುತ್ತಲಿನ ಬಿಸಿ ಆ ಕೆಲಸ ಮುಗಿಸುತ್ತದೆ. ನೀರಿನಂಶ ಇರುವತನಕ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುವುದರಿಂದ ಬೇಕರಿಯ ಕೇಕಿನಂತೆ ಮೇಲ್ಮೈ ಕೆಂಪಗಾಗದು. ಕಂದುಬಣ್ಣವನ್ನು ಬೆಲ್ಲವೇ ಕೊಡುತ್ತದೆ.

ದೀಪದಿಂದ ಕಿತ್ತ ತಂತಿ, ಕೆಟ್ಟ ಟ್ಯೂಬು, ಸತ್ತ ಒಲೆ ಕಸದ ಗುಂಡಿಗೆ ಸೇರಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಪಾದರಸವುಳ್ಳ ದೀಪಗಳನ್ನೂ ಮೈಕ್ರೋವೇವ್ ಒಲೆಗಳನ್ನೂ ಒಳಗೊಂಡಿವೆ. ಟ್ಯೂಬು ಒಡೆದರೆ ಅದರ ಪಾದರಸ ಮನೆಯ ಗಾಳಿಗೇ ಬರುತ್ತದೆ. ಅವನ್ನು ಬೇರೆಯಾಗಿ ಕಟ್ಟಿಟ್ಟು, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ಹಿತ್ತಾಳೆಯ ಒಡಲು ಇನ್ನೂ ಎರಡು ತಲೆಮಾರು ಬಾಳುತ್ತದೆ. ಅದರೊಳಗಿನ ತಂತಿಗೆ ಅಷ್ಟು ಆಯುಸ್ಸಿಲ್ಲ. ಬೆಳಗಿಟ್ಟ ದಿನಾಂಕವನ್ನು ದೀಪದ ಅಡಿಯಲ್ಲಿ ಒಂದು ಚೀಟಿಗೆ ಬರೆದು ಅಂಟಿಸಿದರೆ, ಮತ್ತೆ ತಂತಿ ಬದಲಿಸಬೇಕಾದ ಕಾಲವನ್ನು ಅಲ್ಲಿ ಓದುತ್ತ ಕೂರುವ ಮಗುವೇ ಮನೆಯವರಿಗೆ ನೆನಪಿಸೀತು.